ಹೊಗೆ ಬಿಡೋ ಮೊದಲು ಸೊಳ್ಳೆ ಎಣಿಸಿ

ಅಮೆರಿಕದಲ್ಲಿ ಸೊಳ್ಳೆ ಇರಲ್ಲ ಅಂದುಕೊಂಡು ಹ್ಯೂಸ್ಟನ್‌ಗೆ ಬರುವವರಿಗೆ ಮೊದಲ ಬೇಸಿಗೆಯಲ್ಲೇ ಸತ್ಯ ಗೊತ್ತಾಗುತ್ತದೆ. ಸೆಕೆ, ತೇವ, ಊರ ತುಂಬ ಹಳ್ಳಗಳು, ಬಂದರೆ ಬಿಡದ ಮಳೆ. ಸೊಳ್ಳೆಗೆ ಇನ್ನೇನು ಬೇಕು? ಇಲ್ಲಿನ ಮಳೆನೀರಿನ ಚರಂಡಿಗಳಲ್ಲಿ ಹುಟ್ಟುವುದು ಬೆಂಗಳೂರು, ಮಂಗಳೂರು, ಕಲಬುರಗಿಯ ಮೋರಿಗಳಲ್ಲಿರುವ ಅದೇ ಕ್ಯೂಲೆಕ್ಸ್ ಸೊಳ್ಳೆ. ಅಲ್ಲಿ ಆನೆಕಾಲು ರೋಗ ಹರಡುತ್ತದೆ, ಇಲ್ಲಿ ಜ್ವರ ತರುವ ವೆಸ್ಟ್ ನೈಲ್ ವೈರಸ್ ಹರಡುತ್ತದೆ. ಡೆಂಗಿ ಸೊಳ್ಳೆ ಏಡಿಸ್ ಕೂಡ ಎರಡೂ ಕಡೆ ಇದೆ. ಸೊಳ್ಳೆಯಲ್ಲಿ ಅಂಥ ವ್ಯತ್ಯಾಸವೇನಿಲ್ಲ. ವ್ಯತ್ಯಾಸ ಇರುವುದು ಅದನ್ನು ಹಿಡಿಯುವವರ ಕ್ರಮದಲ್ಲಿ.

ನಮ್ಮೂರಿನ ಕ್ರಮ ಎಲ್ಲರಿಗೂ ಗೊತ್ತು. ಬೀದಿಯಲ್ಲಿ ಯಾರಿಗಾದರೂ ಡೆಂಗಿ ಬಂತು ಅಂತ ಸುದ್ದಿಯಾಗುತ್ತದೆ. ಜನ ಫೋನ್ ಮಾಡುತ್ತಾರೆ. ಫಾಗಿಂಗ್ ಗಾಡಿ ಬರುತ್ತದೆ, ಬೀದಿ ತುಂಬ ಬಿಳಿ ಹೊಗೆ, ಡೀಸೆಲ್ ವಾಸನೆ, ಹಿಂದೆ ಮಕ್ಕಳ ಓಟ. "ಮಗಾ, ನಿನ್ನೆ ಗಾಡಿ ಬಂದಿತ್ತು, ಹೊಗೆ ಚೆನ್ನಾಗಿ ಬಿಟ್ರು" ಅಂತ ಅಮ್ಮ ಫೋನಲ್ಲಿ ಹೇಳಿದರೆ ನನಗೂ ಸಮಾಧಾನವೇ. ಆದರೆ ಏಡಿಸ್ ಕಚ್ಚುವುದು ಹಗಲು ಹೊತ್ತಿನಲ್ಲಿ. ಕೂರುವುದು ಮನೆಯೊಳಗೆ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ. ಗಾಡಿಯ ಸದ್ದು ಕೇಳಿದ ತಕ್ಷಣ ನಾವು ಮಾಡುವ ಮೊದಲ ಕೆಲಸ ಏನು? ಕಿಟಕಿ ಬಾಗಿಲು ಹಾಕುವುದು, ಅಲ್ವಾ? ಹೊಗೆ ಬೀದಿಯಲ್ಲಿ, ಸೊಳ್ಳೆ ಒಳಗೆ. ಗಾಡಿ ಹೋದ ಮೇಲೆ ಸೊಳ್ಳೆ ಕಡಿಮೆಯಾಯಿತೇ ಅಂತ ಯಾರಾದರೂ ನೋಡಲು ಬಂದದ್ದು ನನಗೆ ನೆನಪಿಲ್ಲ.

ನಾನಿರುವುದು ಹ್ಯೂಸ್ಟನ್ ಸೇರಿದ ಹ್ಯಾರಿಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ. 1964ರಲ್ಲಿ ಇಲ್ಲಿ ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಅನ್ನುವ ಮಿದುಳು ಜ್ವರ ಜೋರಾಗಿ ಹರಡಿತು. ಅದೂ ಕ್ಯೂಲೆಕ್ಸ್ ಕೆಲಸವೇ. ಮರುವರ್ಷ, 1965ರಲ್ಲಿ, ಕೌಂಟಿ ಸೊಳ್ಳೆಗಾಗಿಯೇ ಒಂದು ವಿಭಾಗ ತೆರೆಯಿತು. ಅದು ಇವತ್ತಿಗೂ ನಡೆಯುತ್ತಿದೆ. ಇಡೀ ಕೌಂಟಿಯನ್ನು ಚಿಕ್ಕ ಚಿಕ್ಕ ವಲಯಗಳಾಗಿ ಹಂಚಿಕೊಂಡು ಅಲ್ಲಲ್ಲಿ ಬೋನು ಇಡುತ್ತಾರೆ.

ಈ ಬೋನುಗಳೇ ನನಗೆ ಜಾಸ್ತಿ ಇಷ್ಟವಾದದ್ದು. ಒಂದು ಬಗೆಯದರಲ್ಲಿ ಡ್ರೈ ಐಸ್ ಇರುತ್ತದೆ. ಅದರಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಯಾರದೋ ಉಸಿರು ಅಂದುಕೊಂಡು ಹಸಿದ ಸೊಳ್ಳೆ ಹತ್ತಿರ ಬರುತ್ತದೆ, ಚಿಕ್ಕ ಫ್ಯಾನು ಅದನ್ನು ಒಳಗೆಳೆಯುತ್ತದೆ. ಇಂಥವನ್ನು ಚರಂಡಿಯ ಮುಚ್ಚಳ ತೆಗೆದು ಒಳಗೂ ಇಳಿಬಿಡುತ್ತಾರೆ. ಇನ್ನೊಂದು ಬಗೆಯದರಲ್ಲಿ ಹುಲ್ಲು ಕೊಳೆಸಿದ ನಾರುವ ನೀರು. ಮೊಟ್ಟೆ ಇಡಲು ಜಾಗ ಹುಡುಕುವ ಹೆಣ್ಣು ಸೊಳ್ಳೆಗೆ ಆ ವಾಸನೆ ಬಲು ಪ್ರೀತಿ. ಮೊಟ್ಟೆ ಇಡಲು ಬಂದಿದೆ ಅಂದರೆ ಒಮ್ಮೆಯಾದರೂ ರಕ್ತ ಕುಡಿದಿದೆ ಅಂತಲೇ ಅರ್ಥ. ಹಾಗಾಗಿ ವೈರಸ್ ಸಿಕ್ಕರೆ ಇಂಥದರಲ್ಲೇ ಸಿಗುವುದು ಹೆಚ್ಚು. ಏಡಿಸ್‌ಗೆ ಮತ್ತೆ ಬೇರೆ ಬೋನು, ಮನುಷ್ಯನ ಮೈವಾಸನೆಯಂಥ ಪರಿಮಳ ಹಾಕಿದ್ದು.

ಮರುದಿನ ಸಿಕ್ಕಿದ್ದನ್ನೆಲ್ಲ ಲ್ಯಾಬಿಗೆ ತಂದು, ಯಾವ ಜಾತಿ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ, ಎಣಿಸಿ, ಗುಂಪು ಗುಂಪಾಗಿ ಅರೆದು ವೈರಸ್ ಇದೆಯೇ ಅಂತ ಪರೀಕ್ಷೆ ಮಾಡುತ್ತಾರೆ. ವೈರಸ್ ಸಿಕ್ಕ ವಲಯಗಳ ನಕ್ಷೆ ಅಂತರ್ಜಾಲದಲ್ಲಿ ಬರುತ್ತದೆ, ಯಾರು ಬೇಕಾದರೂ ನೋಡಬಹುದು. ಗಾಡಿ ಹೊರಡುವುದು ಆಮೇಲೆ, ಅದೂ ಆ ವಲಯಕ್ಕೆ ಮಾತ್ರ. "ನಮ್ಮ ಹಿತ್ತಿಲಲ್ಲಿ ಸೊಳ್ಳೆ ಜಾಸ್ತಿ ಆಗಿದೆ" ಅಂತ ಗೋಳಾಡಿದರೆ ಗಾಡಿ ಬರಲ್ಲ. ನೀರು ನಿಂತಿದ್ದರೆ ಚೆಲ್ಲಿ ಅಂತ ಹೇಳುತ್ತಾರೆ, ಅಷ್ಟೇ.

ಸಿಂಪಡಿಸುವುದು ಸಂಜೆ ಕತ್ತಲಾದ ಮೇಲೆ. ಆಗ ಕ್ಯೂಲೆಕ್ಸ್ ಹಾರಾಡುತ್ತಿರುತ್ತದೆ, ಜೇನುಹುಳು ಗೂಡು ಸೇರಿರುತ್ತವೆ. ನಮ್ಮ ಹಾಗೆ ದಟ್ಟ ಹೊಗೆಯೂ ಇಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹನಿಗಳು, ಎಕರೆಗೆ 100 ಮಿಲಿಲೀಟರ್ ಕೂಡ ಹೋಗುವುದಿಲ್ಲ. ನಮ್ಮೂರಲ್ಲಿ ಹೀಗೆ ಸಿಂಪಡಿಸಿದರೆ "ಏನೂ ಹೊಡೀಲೇ ಇಲ್ಲ, ಸುಮ್ನೆ ಗಾಡಿ ಓಡಿಸ್ಕೊಂಡು ಹೋದ್ರು" ಅಂತ ಜಗಳವೇ ಆಗುತ್ತದೆ. ಇನ್ನೂ ಒಂದು ಕೆಲಸ ಮಾಡುತ್ತಾರೆ. ಗಾಜಿನ ಸೀಸೆಯ ಒಳಮೈಗೆ ಔಷಧಿ ಸವರಿ, ಅದರೊಳಗೆ ಆ ಜಾಗದ ಸೊಳ್ಳೆಗಳನ್ನು ಬಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಬೀಳುತ್ತವೆ ಅಂತ ನೋಡುತ್ತಾರೆ. ಬೀಳದಿದ್ದರೆ ಸೊಳ್ಳೆಗೆ ಆ ಔಷಧಿ ಒಗ್ಗಿಹೋಗಿದೆ ಅಂತ ಅರ್ಥ. ಔಷಧಿ ಬದಲಿಸಬೇಕು.

ಹಾಗಂತ ಇಲ್ಲಿ ಎಲ್ಲವೂ ಸರಿ ಅಂತ ಅಲ್ಲ. 2016ರ ಆಗಸ್ಟಿನಲ್ಲಿ ಸೌತ್ ಕ್ಯಾರೊಲಿನಾದ ಡಾರ್ಚೆಸ್ಟರ್ ಕೌಂಟಿಯಲ್ಲಿ ಝೀಕಾ ಹೆದರಿಕೆಗೆ ಬೆಳಗಿನ ಹೊತ್ತು ವಿಮಾನದಿಂದ ನಾಲೆಡ್ ಅನ್ನುವ ಔಷಧಿ ಸಿಂಪಡಿಸಿದರು. ಲಕ್ಷಗಟ್ಟಲೆ ಜೇನುಹುಳು ಸತ್ತವು. ಜೇನು ಸಾಕುವವರಿಗೆ ಸರಿಯಾಗಿ ಸುದ್ದಿಯೇ ಮುಟ್ಟಿರಲಿಲ್ಲ. 2017ರಲ್ಲಿ ಹಾರ್ವಿ ಚಂಡಮಾರುತದ ನೆರೆ ಇಳಿದ ಮೇಲೆ ಹ್ಯೂಸ್ಟನ್ ಸುತ್ತಲೂ ವಾಯುಸೇನೆಯ ವಿಮಾನಗಳೇ ಇದೇ ಔಷಧಿ ಸಿಂಪಡಿಸಿದವು. ಆಗ ಬೇರೆ ದಾರಿ ಇರಲಿಲ್ಲ ಅನ್ನಿ, ನೆರೆ ಪರಿಹಾರದವರನ್ನು ಹೊರಗೆ ನಿಲ್ಲಲು ಸೊಳ್ಳೆ ಬಿಡುತ್ತಿರಲಿಲ್ಲ. ಹಗಲು ಕಚ್ಚುವ ಏಡಿಸ್ ವಿಷಯಕ್ಕೆ ಬಂದರೆ, ಈ ರಾತ್ರಿ ಗಾಡಿಯಿಂದ ಇಲ್ಲೂ ಅಷ್ಟು ಪ್ರಯೋಜನವಿಲ್ಲ.

ನಮ್ಮಲ್ಲಿದ್ದು ಇಲ್ಲಿ ಇಲ್ಲದ್ದು ಅಂದರೆ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರು. ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆ ಎಲ್ಲ ಬಗ್ಗಿ ನೋಡಿ ಲಾರ್ವಾ ಹುಡುಕುತ್ತಾರೆ. ಏಡಿಸ್‌ಗೆ ಅದೇ ಸರಿಯಾದ ಮದ್ದು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಅಂತ ಆಮೇಲೆ ತೋರಿಸಿಕೊಟ್ಟ ರೊನಾಲ್ಡ್ ರಾಸ್ ಕೂಡ 1883ರಲ್ಲಿ ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದಾಗ, ಬಂಗಲೆ ಪಕ್ಕದ ಪೀಪಾಯಿಯ ನೀರು ಚೆಲ್ಲಿಸಿಯೇ ಸೊಳ್ಳೆ ಕಾಟ ಕಡಿಮೆ ಮಾಡಿಕೊಂಡಿದ್ದರು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ ದಂಡ ಅಂತಲೂ ಹೇಳಿತು. ಒಳ್ಳೆಯದೇ.

ಲಾರ್ವಾ ಎಣಿಸಲು ಬರುವ ಊರಿಗೆ ಹಾರುವ ಸೊಳ್ಳೆ ಎಣಿಸುವುದು ಕಷ್ಟವೇ? ಬೋನಿನಲ್ಲಿ ಇರುವುದು ಒಂದು ಟಬ್ಬು, ಒಂದು ಫ್ಯಾನು, ಒಂದು ಬ್ಯಾಟರಿ, ಕೊಳೆತ ನೀರು. ಕೊನೆಯದಕ್ಕಂತೂ ನಮ್ಮಲ್ಲಿ ಬರ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಕೀಟಶಾಸ್ತ್ರ ಓದಿದ ಹುಡುಗ ಹುಡುಗಿಯರನ್ನು ಕರೆದು ಒಂದೊಂದು ವಲಯ ವಹಿಸಬಹುದು. ಮೊದಲು ರಾಜಕಾಲುವೆ ಪಕ್ಕದ ನಾಲ್ಕು ವಾರ್ಡುಗಳಲ್ಲಿ ಸಾಕು. ಗಾಡಿ ಹೋಗುವ ಹಿಂದಿನ ದಿನ ಎಷ್ಟು ಸೊಳ್ಳೆ, ಹೋದ ಮಾರನೇ ದಿನ ಎಷ್ಟು, ಎರಡೂ ಅಂಕಿ ವಾರ್ಡ್ ಆಫೀಸಿನ ಗೋಡೆಗೆ ಅಂಟಿಸಲಿ. ಅಂಕಿ ಇಳಿಯದಿದ್ದರೆ ಡೀಸೆಲ್ ದುಡ್ಡಾದರೂ ಉಳಿಯುತ್ತದೆ. "ನಮ್ಮ ಬೀದಿಗೆ ಯಾಕೆ ಗಾಡಿ ಬರಲಿಲ್ಲ?" ಅಂತ ಜನ ಮುತ್ತಿಗೆ ಹಾಕಿದರೆ, ಆ ಚೀಟಿ ತೋರಿಸಿ ಪಾರಾಗಲು ಕಾರ್ಪೊರೇಟರ್‌ಗೆ ಒಂದು ದಾರಿಯೂ ಸಿಗುತ್ತದೆ.