ಕಾರಣ: ಟ್ರಾಫಿಕ್

ನಮ್ಮ ಹಾಲ್‌ನಲ್ಲಿರುವ ಗಡಿಯಾರ ಹತ್ತು ನಿಮಿಷ ಮುಂದಿದೆ. ಅಡುಗೆಮನೆಯದು ಏಳು ನಿಮಿಷ ಹಿಂದಿದೆ. ಹಾಲ್‌ನದನ್ನು ಮುಂದಿಟ್ಟವಳು ನಾನೇ, ಮಗಳ ಸ್ಕೂಲಿಗೆ ತಡವಾಗಬಾರದು ಅಂತ. ಒಂದು ವಾರ ಎಲ್ಲರೂ ಹೆದರಿ ಓಡಾಡಿದರು. ಎರಡನೇ ವಾರಕ್ಕೆ ಮನೆಮಂದಿಯೆಲ್ಲ ಹತ್ತು ಕಳೆಯುವುದನ್ನು ಕಲಿತರು. ಎರಡನೇ ಕ್ಲಾಸಿನ ಮಗಳು ಪುಸ್ತಕದಲ್ಲಿ ಕಳೆಯುವ ಲೆಕ್ಕ ಕೊಟ್ಟರೆ ಕಣ್ಣೀರು ಹಾಕುತ್ತಾಳೆ. ಗಡಿಯಾರ ನೋಡಿದರೆ ಮಾತ್ರ, "ಎಂಟೂ ಹತ್ತು ಅಂದ್ರೆ ಬರೀ ಎಂಟು. ಇನ್ನೂ ಟೈಮಿದೆ ಅಮ್ಮಾ" ಅಂತ ದೋಸೆಯನ್ನು ಇನ್ನಷ್ಟು ಸಣ್ಣ ಚೂರು ಮಾಡುತ್ತಾಳೆ. ಅತ್ತೆ ಅಡುಗೆಮನೆಯ ಗಡಿಯಾರ ನೋಡಿಕೊಂಡು ಅವಳ ಪರವಾಗಿ ಸಾಕ್ಷಿ ಹೇಳುತ್ತಾರೆ.

ಗೇಟು ಹಾಕುವುದು ಎಂಟೂವರೆಗೆ. ಮಹಾಲಕ್ಷ್ಮಿ ಲೇಔಟಿನಿಂದ ಮಲ್ಲೇಶ್ವರಕ್ಕೆ ಸ್ಕೂಟರಿನಲ್ಲಿ ಭಾನುವಾರವಾದರೆ ಹತ್ತು ನಿಮಿಷ. ಆದರೆ ಭಾನುವಾರ ಸ್ಕೂಲಿಲ್ಲ, ಅದೇ ತೊಂದರೆ. ಉಳಿದ ದಿನ ನವರಂಗ್ ಸಿಗ್ನಲ್ ಹತ್ತಿರ ನಿಂತರೆ, ಟೈ ಕಟ್ಟಿ, ಜಡೆಯ ರಿಬ್ಬನ್ ಸರಿಮಾಡಿ, ಏಳರ ಮಗ್ಗಿಯನ್ನೂ ಒಂದು ಸಲ ಒಪ್ಪಿಸಿಕೊಳ್ಳಬಹುದು. ನಾನು ಮೂರನ್ನೂ ಮಾಡಿದ್ದೇನೆ.

ಇಷ್ಟಾದರೂ ನಾವು ಗೇಟಿಗೆ ಬರುವ ಹೊತ್ತಿಗೆ ಒಳಗೆ ಮೈಕಿನಲ್ಲಿ ನಾಡಗೀತೆ ಶುರುವಾಗಿರುತ್ತದೆ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿತಲ್ಲ, ಆಗ ಧಾಟಿ ಯಾವುದಿರಬೇಕು ಅಂತ ಎಷ್ಟೊಂದು ಚರ್ಚೆ ನಡೆಯಿತು. ನನಗೆ ಧಾಟಿಯ ಚಿಂತೆ ಇರಲಿಲ್ಲ. ನಿಧಾನವಾಗಿ ಹಾಡಿದ್ದರೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತಿತ್ತಲ್ಲ ಅಂತ ಹೊಟ್ಟೆ ಉರಿಯಿತು, ಅಷ್ಟೆ.

ಆಮೇಲೆ ಪೇಪರ್ ಓದುತ್ತಾರೆ, ಗಾದೆ ಹೇಳುತ್ತಾರೆ. ಕೊನೆಗೆ ರಾಷ್ಟ್ರಗೀತೆ. ಅದು 52 ಸೆಕೆಂಡು. ನಮ್ಮಂಥವರ ಪಾಲಿಗೆ ಇಡೀ ಬೆಳಗಿನಲ್ಲಿ ಅದೇ ಮುಖ್ಯ. ಯಾಕಂದರೆ ಅದು ಮುಗಿದ ತಕ್ಷಣ ವಾಚ್‌ಮನ್ ತಾತ ಚಿಕ್ಕ ಗೇಟನ್ನೂ ಹಾಕಿಬಿಡುತ್ತಾರೆ. ಆದರೆ ಹಾಡುತ್ತಿರುವಷ್ಟು ಹೊತ್ತು ಅವರು ನೆಟ್ಟಗೆ ನಿಂತಿರಬೇಕು, ಗೇಟು ಮುಟ್ಟುವಂತಿಲ್ಲ. ನಾವೂ ನೆಟ್ಟಗೆ ನಿಂತಿರಬೇಕು, ಗೇಟು ದಾಟುವಂತಿಲ್ಲ. ಒಂದು ದಿನ ಗೇಟಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಸಿಕ್ಕಿಬಿದ್ದೆವು. ನನ್ನ ತಲೆಯ ಮೇಲೆ ಹೆಲ್ಮೆಟ್ಟು, ಹೆಗಲಲ್ಲಿ ಗುಲಾಬಿ ಬಣ್ಣದ ಬ್ಯಾಗು, ಕೈಯಲ್ಲಿ ಮಗಳ ಒಂದು ಕಾಲುಚೀಲ. ಪಕ್ಕದಲ್ಲಿ ಯಾರೋ ಅಪ್ಪ, ಓಡುತ್ತಿದ್ದವರು ಹಾಗೇ ನಿಂತಿದ್ದರು. ಅವರ ಕೈಯಲ್ಲಿದ್ದ ಟಿಫನ್ ಬ್ಯಾಗಿನಿಂದ ಸಾರು ತೊಟ್ಟು ತೊಟ್ಟಾಗಿ ಷೂ ಮೇಲೆ ಬೀಳುತ್ತಿತ್ತು. ಅವರು ಕದಲಲಿಲ್ಲ. ನಮ್ಮ ಕಣ್ಣು ತಾತನ ಮೇಲೆ, ತಾತನ ಕಣ್ಣು ಚಿಲಕದ ಮೇಲೆ. ಹಾಡು ಮುಗಿಯಿತು. ತಾತನೇ ಗೆದ್ದರು. ಚಿಲಕ ಅವರಿಗೆ ಒಂದೇ ಹೆಜ್ಜೆ, ನಮಗೆ ನಾಲ್ಕು.

ಅಲ್ಲಿಗೆ ಲೇಟ್ ಬುಕ್ಕು. ದಪ್ಪನೆಯ, ಮೂಲೆ ಮಡಚಿಹೋದ ರಿಜಿಸ್ಟರು. ಹೆಸರು, ತರಗತಿ, ಬಂದ ಸಮಯ, ಕಾರಣ, ಪೋಷಕರ ಸಹಿ. ತಡ ಮಾಡಿದ್ದು ಮಗುವೇ ಆದರೂ ಸಹಿ ನಮ್ಮದು, ಬೈಗುಳವೂ ನಮ್ಮದೇ. ಕಾರಣದ ಸಾಲನ್ನು ನಾನು ಆಸೆಯಿಂದ ಓದುತ್ತೇನೆ. ಟ್ರಾಫಿಕ್. ಟ್ರಾಫಿಕ್. ಮಳೆ. ಟ್ರಾಫಿಕ್. ಕೆಲವರು ಬರೀ ಡಿಟ್ಟೊ ಗುರುತು ಹಾಕಿ ಕೈತೊಳೆದುಕೊಂಡಿದ್ದಾರೆ. ಮಳೆ ಅಂತ ಬರೆದವರ ಕೆಳಗಿನವರೂ ಗಮನಿಸದೆ ಡಿಟ್ಟೊ ಹಾಕಿ, ಬಿರುಬಿಸಿಲಿನ ಮಾರ್ಚಿನಲ್ಲಿ ಮಳೆ ತರಿಸಿದ ಪುಟವೂ ಒಂದಿದೆ. ಒಬ್ಬರು ಮಾತ್ರ ಮುದ್ದಾದ ಅಕ್ಷರದಲ್ಲಿ, "ಹಸು ಎದ್ದೇಳಲಿಲ್ಲ" ಅಂತ ಬರೆದಿದ್ದರು. ಯಾವ ಹಸು, ಎಲ್ಲಿ ಅಂತ ಇವತ್ತಿಗೂ ಗೊತ್ತಿಲ್ಲ. ನಾನೂ ಟ್ರಾಫಿಕ್ ಅಂತಲೇ ಬರೆಯುತ್ತಿದ್ದೆ. ಒಂದು ದಿನ ಮಗಳು ಇಣುಕಿ ಓದಿ, "ಸುಳ್ಳು! ಅಮ್ಮ ಎದ್ದಿದ್ದೇ ಲೇಟು" ಅಂತ ಆಫೀಸಿಗೆಲ್ಲ ಕೇಳುವ ಹಾಗೆ ಕೂಗಿದಳು. ಸುಳ್ಳು ಹೇಳಬಾರದು ಅಂತ ಹೇಳಿಕೊಟ್ಟಿದ್ದು ನಾನೇ. ಸುಮ್ನೆ ಹೇಳಿಕೊಟ್ಟೆ.

ರಜೆಯದು ಇನ್ನೊಂದು ಕಥೆ. ದಾವಣಗೆರೆಯಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ. ಮದುವೆಗೆ ಅಂತ ಬರೆದರೆ ಮೂರು ದಿನ ರಜೆ ಯಾಕೆ ಅಂತ ಕೇಳುತ್ತಾರೆ. ಅದಕ್ಕೇ ಜ್ವರ ಅಂತ ಬರೆದೆ. ಮುಂದಿನ ಸೋಮವಾರ ಜ್ವರ ಬಿಟ್ಟ ಹುಡುಗಿ ಮೊಣಕೈವರೆಗೂ ಮೆಹೆಂದಿ ಹಚ್ಚಿಕೊಂಡು ಕ್ಲಾಸಿಗೆ ಹೋದಳು. ಮಿಸ್ ಅವಳ ಕೈ ಹಿಡಿದು, ಎರಡೂ ಕಡೆ ತಿರುಗಿಸಿ ನೋಡಿ, "ಜ್ವರ ಚೆನ್ನಾಗಿ ಕೆಂಪಗೆ ಬಂದಿದೆಯಲ್ಲ" ಅಂದರಂತೆ. ಮಗಳು ಖುಷಿಯಿಂದ ಬಂದು ಹೇಳಿದಳು, ಹೊಗಳಿದರು ಅಂದುಕೊಂಡು.

ನಮ್ಮವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. "ಎಸ್ಸೆಸ್ಸೆಲ್ಸಿಗೇ 75 ಪರ್ಸೆಂಟ್ ಹಾಜರಿ ಸಾಕು ಕಣೇ, ಇವಳದು ಎರಡನೇ ಕ್ಲಾಸು" ಅನ್ನುತ್ತಾರೆ. ಬಿಡಿ, ಬಿಟ್ಟುಬರುವ ಡ್ಯೂಟಿ ಅವರದಲ್ಲ. 2023ರಲ್ಲಿ ಬೆಂಗಳೂರಿನ ಟ್ರಾಫಿಕ್ ಕಡಿಮೆ ಮಾಡಲು ಸ್ಕೂಲಿನ ಸಮಯ ಬದಲಿಸುವ ಬಗ್ಗೆ ಯೋಚಿಸಿ ಅಂತ ಹೈಕೋರ್ಟು ಸರ್ಕಾರಕ್ಕೆ ಹೇಳಿತ್ತು. ಇನ್ನೂ ಬೇಗ ಶುರು ಮಾಡುವ ಮಾತೂ ಬಂತು. ಇಲಾಖೆಯವರು ಸಭೆ ಕರೆದರೆ ಸ್ಕೂಲಿನವರು, ಪೋಷಕರು, ವ್ಯಾನಿನವರು ಎಲ್ಲರೂ ಬೇಡ ಅಂದರು. ಬೆಂಗಳೂರಿನಲ್ಲಿ ಇಷ್ಟು ಜನ ಒಂದೇ ಮಾತು ಆಡಿದ್ದನ್ನು ನಾನಂತೂ ಕಂಡಿರಲಿಲ್ಲ.

ನಾನು ಓದಿದ್ದು ತಿಪಟೂರು ಕಡೆಯ ಹಳ್ಳಿ ಶಾಲೆಯಲ್ಲಿ. ಅಲ್ಲಿ ಬೇವಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡೇ ಗಂಟೆ. ಅದನ್ನು ಬಾರಿಸುವ ಮೇಷ್ಟ್ರು ಬರುತ್ತಿದ್ದದ್ದು ಬಸ್ಸಿನಲ್ಲಿ. ಬಸ್ಸು ಬಂದಾಗಲೇ ನಮಗೆ ಹತ್ತು ಗಂಟೆ. ಟೈರು ಪಂಕ್ಚರಾದ ದಿನ ಹನ್ನೊಂದೂವರೆಗೆ ಹತ್ತು ಗಂಟೆಯಾಗಿತ್ತು. ಇಡೀ ಶಾಲೆಗೆ ಶಾಲೆಯೇ ಲೇಟು. ಹಾಜರಿ ಕೂಗಿದಾಗ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ.

ಇದೆಲ್ಲ ನೆನಪಾಗಿದ್ದು ಕಳೆದ ಗುರುವಾರ, ಅದೇ ಸಿಗ್ನಲ್‌ನಲ್ಲಿ. ಆಗಲೇ ಎಂಟು ಇಪ್ಪತ್ತೇಳು. ಪಕ್ಕದಲ್ಲಿ ಒಂದು ಆಟೊ ಬಂದು ನಿಂತಿತು. ಒಳಗೊಬ್ಬರು ಮಡಿಲ ತುಂಬ ಕಾಂಪೊಸಿಷನ್ ಪುಸ್ತಕ ಇಟ್ಟುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ನಾನು ತಕ್ಷಣ ಹೆಲ್ಮೆಟ್ಟಿನ ಗ್ಲಾಸು ಕೆಳಗಿಳಿಸಿದೆ. ಪ್ರಯೋಜನವಾಗಲಿಲ್ಲ.

"ಗುಡ್ ಮಾರ್ನಿಂಗ್ ಮಿಸ್!"

ಮಿಸ್ ಬೆಚ್ಚಿ ತಲೆಯೆತ್ತಿದರು. ನನ್ನನ್ನು ನೋಡಿದರು, ಸಿಗ್ನಲ್ ನೋಡಿದರು, ವಾಚು ನೋಡಿದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ಮಗಳಿಗೆ ಕಣ್ಣು ಹೊಡೆದರು. ನಾನೂ ಅರ್ಥವಾದವಳ ಹಾಗೆ ತಲೆಯಾಡಿಸಿದೆ.

ಅವತ್ತು ಲೇಟ್ ಬುಕ್ಕಿನ ಮುಂದೆ ಪೆನ್ನು ಹುಡುಕುತ್ತ ಬ್ಯಾಗಿಗೆ ಕೈಹಾಕಿದ್ದೆ. ಅಷ್ಟರಲ್ಲಿ ಮಗಳು ತನ್ನ ಪೆನ್ಸಿಲ್ ತೆಗೆದು, ನಾಲಿಗೆ ಹೊರಚಾಚಿಕೊಂಡು, ಕಾರಣದ ಜಾಗದಲ್ಲಿ ಗುಂಡಗೆ ಬರೆದೇಬಿಟ್ಟಿದ್ದಳು: "ಮಿಸ್ ಇನ್ನೂ ಆಟೊದಲ್ಲಿ ಇದ್ದಾರೆ."