ಸತ್ಯಾಂಶ: ಸ್ಕ್ರೀನರ್ ಬರೀ ಜರಡಿ

‘ಸ್ಕ್ರೀನರ್‌ನಲ್ಲಿ ಪಿಇ 10ಕ್ಕಿಂತ ಕಡಿಮೆ, ಆರ್‌ಒಇ 20ಕ್ಕಿಂತ ಹೆಚ್ಚು ಎಂದು ಹಾಕಿ, ಬಂದ ಷೇರುಗಳನ್ನು ಕಣ್ಣು ಮುಚ್ಚಿ ಕೊಳ್ಳಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಸ್ಕ್ರೀನರ್ ಎಂದರೆ ನಾವು ಹಾಕಿದ ಷರತ್ತಿಗೆ ಹೊಂದುವ ಷೇರುಗಳನ್ನು ಹೆಕ್ಕಿ ಕೊಡುವ ಸಾಧನ. ಕಣ್ಣು ಮುಚ್ಚುವುದೇ ಇಲ್ಲಿನ ತಪ್ಪು.

ಷೇರಿನ ಬೆಲೆಯನ್ನು ಪ್ರತಿ ಷೇರಿನ ವಾರ್ಷಿಕ ಗಳಿಕೆಯಿಂದ ಭಾಗಿಸಿದರೆ ಸಿಗುವುದೇ ಪಿಇ. ಬೆಲೆ 100 ರೂಪಾಯಿ, ಗಳಿಕೆ 20 ರೂಪಾಯಿ ಎಂದುಕೊಳ್ಳಿ, ಪಿಇ 5. ಬಲು ಅಗ್ಗ! ಆದರೆ ಆ ಇಪ್ಪತ್ತರಲ್ಲಿ 15 ರೂಪಾಯಿ ಹಳೆಯ ಜಮೀನು ಮಾರಿ ಬಂದದ್ದಾದರೆ? ಅದೇ ಜಮೀನನ್ನು ಮುಂದಿನ ವರ್ಷ ಮತ್ತೆ ಮಾರಲಾಗದು. ವ್ಯವಹಾರದ ಗಳಿಕೆ ಬರೀ 5 ರೂಪಾಯಿ, ನಿಜವಾದ ಪಿಇ 20. ಉಕ್ಕಿನ ಕಂಪನಿಗಳ ಪಿಇ ಲಾಭ ಉತ್ತುಂಗದಲ್ಲಿರುವಾಗಲೇ ಕಡಿಮೆ ಕಾಣುವುದುಂಟು. ಷೇರುದಾರರ ಬಂಡವಾಳದ ಮೇಲೆ ಕಂಪನಿ ಶೇಕಡಾ ಎಷ್ಟು ಲಾಭ ಗಳಿಸಿತು ಎಂಬುದೇ ಆರ್‌ಒಇ; ಅದಂತೂ ಸಾಲ ಹೆಚ್ಚಿದರೂ ಏರಬಹುದು.

ಸಾವಿರಾರು ಕಂಪನಿಗಳನ್ನು ಹತ್ತಿಪ್ಪತ್ತಕ್ಕೆ ಇಳಿಸುವುದಷ್ಟೇ ಸ್ಕ್ರೀನರ್ ಕೆಲಸ. ವಾರ್ಷಿಕ ವರದಿ, ನಗದು ಹರಿವು, ಪ್ರವರ್ತಕರು ಅಡವಿಟ್ಟ ಷೇರುಗಳನ್ನು ನೋಡುವುದು ಆಮೇಲಿನ ಕೆಲಸ.