ನಾವು ಸೋತಿಲ್ಲ, ಸೋಲಿಸಿದರು!

ಶನಿವಾರ ಸೋತದ್ದಕ್ಕೆ ನನಗೇನೂ ಬೇಜಾರಿಲ್ಲ. ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ 1996ರಿಂದ ಡ್ರಾ ಎಂಬುದೇ ಇಲ್ಲ. ಸಮವಾದರೆ ಓವರ್‌ಟೈಮ್, ಕೊನೆಗೆ ಯಾರಾದರೊಬ್ಬರು ಸೋಲಲೇಬೇಕು. ತಲೆ ತಿನ್ನುವುದು ಭಾನುವಾರ. ಸೋತ ತಂಡದ ಅಭಿಮಾನಿಗಳು ಕಾಫಿ ಲೋಟ ಹಿಡಿದು ಕೂತರೆಂದರೆ, ಆಟದಲ್ಲಿ ನಡೆದ ನೂರಕ್ಕೂ ಮಿಕ್ಕಿದ ಪ್ಲೇಗಳೆಲ್ಲ (ಬಾಲ್ ಹೊರಟು ನಿಲ್ಲುವವರೆಗಿನದು ಒಂದು ಪ್ಲೇ) ಎಲ್ಲೋ ಮಾಯ. ಉಳಿಯುವುದು ತಪ್ಪಾಯಿತೆಂದು ರೆಫರಿ ಹಳದಿ ಬಟ್ಟೆ ಎಸೆದ ನಾಲ್ಕು, ಎಸೆಯಬೇಕಿದ್ದೂ ಎಸೆಯದ ಒಂದು. ಇಷ್ಟರ ಮೇಲೆ ಮಧ್ಯಾಹ್ನದ ಊಟದವರೆಗೆ ಪಂಚಾಯಿತಿ.

ಇಲ್ಲಿರುವ ಕನ್ನಡಿಗರಿಗೆ ಇದರ ರುಚಿ ಚೆನ್ನಾಗಿಯೇ ಗೊತ್ತು. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಕನ್ನಡ ಕೂಟದ ಕಾರ್ಯಕ್ರಮಗಳು ಹೆಚ್ಚಾಗಿ ಬೀಳುವುದು ಶನಿವಾರ. ಫುಟ್‌ಬಾಲ್ ಸೀಸನ್ ಕೂಡ ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ, ಅದೂ ಶನಿವಾರವೇ. ನಾಡಗೀತೆಗೆ ಎಲ್ಲರೂ ಎದ್ದು ನಿಂತಾಗ ಹಿಂದಿನ ಸಾಲಿನ ಗಂಡಸರು ತಲೆ ತಗ್ಗಿಸಿದ್ದರೆ ಅದು ಭಕ್ತಿಯಲ್ಲ, ಅಂಗೈಯ ಫೋನಿನಲ್ಲಿ ಆಟದ ನಾಲ್ಕನೇ ಕ್ವಾರ್ಟರ್. ವಾದದ ಮೊದಲ ಸುತ್ತು ಬಿಸಿಬೇಳೆಬಾತಿನ ಸಾಲಿನಲ್ಲಿ. ಎರಡನೆಯದು ಮರುದಿನ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ, ರೆಕಾರ್ಡಿಂಗ್ ಹಾಕಿಕೊಂಡು.

ಎದುರಾಳಿಯನ್ನು ಹಿಡಿದೆಳೆಯುವ ತಪ್ಪಿಗೆ ಹೋಲ್ಡಿಂಗ್ ಎಂದು ಹೆಸರು; ಆ ಬೇಸ್‌ಮೆಂಟಿಗೆ ಒಬ್ಬ ಹೋಲ್ಡಿಂಗ್ ರಾಯರು ಇದ್ದೇ ಇರುತ್ತಾರೆ. ಊರು ಯಾವುದಾದರೇನು, ಊರಿಗೊಬ್ಬರು. ರಿಮೋಟ್ ಅವರ ಕೈಯಲ್ಲೇ. ನಮ್ಮವನು ಕೈಗೆ ಬಂದ ಬಾಲ್ ಬಿಟ್ಟ ಪ್ಲೇ ಬಂದರೆ ಫಾಸ್ಟ್ ಫಾರ್ವರ್ಡ್. ಎದುರಿನವರು ಬಾಲನ್ನು ನಮ್ಮ ಕಡೆಯ ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಹೊಡೆದ ಪ್ಲೇ ಬಂತೋ, ನಿಲ್ಲಿಸಿ, ಹಿಂದಕ್ಕೆಳೆದು, ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಟಿವಿಗೆ ಮೂಗು ತಾಗಿಸಿ ಹುಡುಕುತ್ತಾರೆ. “ಅಕೋ! ಎಡಗೈ ನೋಡ್ರೀ. ಜೆರ್ಸಿ ಹಿಡಿದಿದಾನೋ ಇಲ್ಲವೋ?”

ಹಿಡಿದಿದಾನೆ ರಾಯರೇ. ಯಾರು ಇಲ್ಲ ಎಂದರು? ಆ ಸಾಲಿನಲ್ಲಿ ಐದು ಜನ ದಢೂತಿ ಹುಡುಗರು ಎದುರಿನವರನ್ನು ತಡೆಯುವುದೇ ಕೈಯಿಂದ. ಕೈ ಎದುರಾಳಿಯ ಎದೆಯ ನೇರಕ್ಕೆ, ಮೈಯ ಚೌಕಟ್ಟಿನೊಳಗೆ ಇದ್ದು, ಅವನು ಓಡಬೇಕೆಂದ ಕಡೆಗೆ ಓಡಲು ಆಗುತ್ತಿದ್ದರೆ ರೆಫರಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕೈ ಹೊರಗೆ ಹೋಗಿ ಭುಜ ಸುತ್ತಿತು, ಅವನು ತಿರುಗಲು ಹೋದಾಗ ಜೆರ್ಸಿ ಎಳೆದು ಗುಡಾರವಾಯಿತು, ಅದೂ ಬಾಲ್ ಹೋಗುವ ದಾರಿಯಲ್ಲೇ ಆಯಿತು ಎಂದರೆ ಬಟ್ಟೆ ಹಾರುತ್ತದೆ. ಬಾಲ್ ಬಲಕ್ಕೆ ಓಡಿದಾಗ ಎಡತುದಿಯಲ್ಲಿ ಯಾರೋ ಯಾರನ್ನೋ ಹಿಡಿದುಕೊಂಡಿದ್ದರೆ, ಸಾಮಾನ್ಯವಾಗಿ “ಕೈ ತೆಗೆಯಪ್ಪಾ” ಎಂಬ ಎಚ್ಚರಿಕೆಯಷ್ಟೆ. ರಾಯರು ಕಂಡುಹಿಡಿಯುವುದು ಯಾವಾಗಲೂ ಈ ಎಡತುದಿಯದ್ದನ್ನೇ. ಅದೇ ಫ್ರೇಮಿನಲ್ಲಿ, ಅವರ ಬೆರಳಿನಿಂದ ಎರಡಿಂಚು ಆಚೆಗೆ, ಎಲ್ಲರಿಗಿಂತ ಹಿಂದೆ ಕಾಯುವ ನಮ್ಮ ಸೇಫ್ಟಿ ತಲೆ ಬಗ್ಗಿಸಿ, ಕೈ ಚಾಚದೆ, ಬರೀ ಭುಜದಿಂದ ಗುದ್ದಲು ಹೋಗಿ ಗಾಳಿಗೆ ಗುದ್ದಿ ಬಿದ್ದಿರುತ್ತಾನೆ. ಟಚ್‌ಡೌನ್ ಆದದ್ದು ಅದಕ್ಕೆ. ಆ ಹುಡುಗ ಮಾತ್ರ ರಾಯರ ಕಣ್ಣಿಗೆ ಬಿದ್ದದ್ದಿಲ್ಲ.

ಹೋಲ್ಡಿಂಗ್‌ನಲ್ಲಿ ಸೋತರೆ ಪಾಸ್ ಇಂಟರ್‌ಫಿಯರೆನ್ಸ್, ಅಂದರೆ ಎಸೆದ ಬಾಲ್ ಹಿಡಿಯಲು ಹೋದವನಿಗೆ ಅಡ್ಡಿ ಮಾಡುವುದು. ಇಲ್ಲಿ ನನ್ನ ತಾಳ್ಮೆ ಪೂರ್ತಿ ಹೋಗುತ್ತದೆ, ಯಾಕೆಂದರೆ ರಾಯರು ರೂಲ್ಸ್ ಕಲಿತದ್ದು ಭಾನುವಾರದ ಎನ್‌ಎಫ್‌ಎಲ್, ಅಂದರೆ ವೃತ್ತಿಪರರ ಲೀಗ್, ನೋಡಿ. ಅಲ್ಲಿ ಡಿಫೆಂಡರ್ ಎಲ್ಲಿ ಎಳೆದಾಡಿದನೋ ಅಲ್ಲಿಗೇ ಬಾಲ್; ನಲವತ್ತು ಯಾರ್ಡ್ ದೂರವಾದರೆ ನಲವತ್ತೂ ಸಿಕ್ಕಿತು. ಕಾಲೇಜಿನಲ್ಲಿ ಹೆಚ್ಚೆಂದರೆ 15 ಯಾರ್ಡ್ ಮತ್ತು ಫಸ್ಟ್ ಡೌನ್, ಅಂದರೆ ಹತ್ತು ಯಾರ್ಡ್ ಸಾಗಲು ಹೊಸದಾಗಿ ನಾಲ್ಕು ಅವಕಾಶ. 15ಕ್ಕಿಂತ ಹತ್ತಿರದಲ್ಲಿ ನಡೆದಿದ್ದರೆ ಮಾತ್ರ ತಪ್ಪಾದ ಜಾಗಕ್ಕೆ. ಹಾಗಾಗಿ ಹಿಂದೆ ಬಿದ್ದ ಡಿಫೆಂಡರ್ ಟಚ್‌ಡೌನ್ ಬಿಟ್ಟುಕೊಡುವ ಬದಲು ಅಂಗಿ ಹಿಡಿದು ಜಗ್ಗಿದರೆ ಅವನಿಗೆ ಅದು ಲಾಭದ ವ್ಯಾಪಾರ. ಇದನ್ನು ಎಷ್ಟು ಸಲ ಹೇಳಿದರೂ ರಾಯರದು ಒಂದೇ ಪ್ರಶ್ನೆ: “ನಲವತ್ತು ಯಾರ್ಡ್ ಎಲ್ಲಿ ಹೋಯ್ತು ಸ್ವಾಮಿ?” ಗೆರೆಯ ಹತ್ತಿರದ ಕ್ಯಾಚಿಗೆ ಎರಡೂ ಕಾಲು ಒಳಗಿರಬೇಕು ಎಂದು ಅವರು ಕೂಗುವಾಗ, ಕಾಲೇಜಿನ ಬ್ಯಾಂಡಿನಲ್ಲಿ ಟ್ರಂಬೋನ್ ಊದುವ ಮನೆಮಗಳು ಮೆಟ್ಟಿಲ ಮೇಲಿಂದಲೇ “ಕಾಲೇಜಲ್ಲಿ ಒಂದೇ ಕಾಲು ಸಾಕು, ಅಂಕಲ್” ಎಂದು ಹೇಳಿ ಹೋಗುತ್ತಾಳೆ. ಯಾರೂ ಮುಟ್ಟದಿದ್ದರೂ ಮೊಣಕಾಲು ನೆಲಕ್ಕೆ ತಾಗಿದರೆ ಪ್ಲೇ ಮುಗಿಯಿತು ಎಂಬುದನ್ನೂ ಅವಳೇ ಹೇಳಬೇಕು. ಎನ್‌ಎಫ್‌ಎಲ್‌ನಲ್ಲಾದರೆ ಎದ್ದು ಓಡಬಹುದು.

ಇಷ್ಟಕ್ಕೆಲ್ಲ ಮೂಲವಾದ ಬಟ್ಟೆಯ ತುಂಡು ಹುಟ್ಟಿದ್ದು 1941ರಲ್ಲಿ, ಒಹಾಯೋದ ಯಂಗ್ಸ್‌ಟೌನ್‌ನಲ್ಲಿ. ಅಲ್ಲಿಯವರೆಗೆ ಫೌಲ್ ಆದರೆ ರೆಫರಿಗಳು ಪೀಪಿ ಊದುತ್ತಿದ್ದರು, ಗದ್ದಲದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಕೋಚ್ ಡ್ವೈಟ್ ಬೀಡಿ ಕೇಳಿಕೊಂಡರೆಂದು ಅವರ ಹೆಂಡತಿ ಇರ್ಮಾ ಹಳೆಯ ಹ್ಯಾಲೋವೀನ್ ವೇಷದ ಕೆಂಪು ಬಟ್ಟೆಗೆ ಹಳೆಯ ಬೆಡ್‌ಶೀಟಿನ ಬಿಳಿ ಪಟ್ಟಿ ಸೇರಿಸಿ ಹೊಲಿದು, ಭಾರಕ್ಕೆ ಮೀನಿನ ಗಾಳದ ಸೀಸದ ಗುಂಡು ಕಟ್ಟಿಕೊಟ್ಟರು. ಹಳದಿ ಬಣ್ಣ ಆಮೇಲೆ ಬಂತು. ಆ ಪುಣ್ಯಾತ್ಗಿತ್ತಿಗೆ ಮುಂದೆ ಎಷ್ಟು ಭಾನುವಾರಗಳು ಹಾಳಾಗಲಿವೆ ಎಂಬ ಅಂದಾಜು ಇರಲಿಕ್ಕಿಲ್ಲ.

ಬೇಸ್‌ಮೆಂಟಿನಲ್ಲಿ ಫ್ಲೋರಿಡಾದಲ್ಲಿ ಓದಿದವರು ಒಬ್ಬರಿದ್ದರೆ ಅವರ ಪಕ್ಕದಲ್ಲಿ ಕೂರಬೇಡಿ. ಶೂ ವಿಷಯ ಬಂದೇ ಬರುತ್ತದೆ. 2020ರ ಡಿಸೆಂಬರ್ 12. ಗೇನ್ಸ್‌ವಿಲ್‌ನ ಮೈದಾನದ ತುಂಬ ದಟ್ಟ ಮಂಜು. ಆರನೇ ರ‍್ಯಾಂಕಿನ ಫ್ಲೋರಿಡಾ ಒಂದು ಕಡೆ, ಅದುವರೆಗೆ ಮೂರು ಗೆದ್ದು ಐದು ಸೋತಿದ್ದ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ಇನ್ನೊಂದು ಕಡೆ. ಸ್ಕೋರು 34–34, ಎರಡು ನಿಮಿಷಕ್ಕಿಂತ ಕಡಿಮೆ ಬಾಕಿ. ಎಲ್‌ಎಸ್‌ಯುಗೆ ಥರ್ಡ್ ಅಂಡ್ ಟೆನ್: ಮೂರನೇ ಅವಕಾಶ, ಹತ್ತು ಯಾರ್ಡ್ ಬಾಕಿ. ಅವರ ಹುಡುಗ ಬಾಲ್ ಹಿಡಿದು ನಾಲ್ಕು ಯಾರ್ಡಿಗೇ ಬಿದ್ದ. ಅಂದರೆ ಮುಂದೆ ಪಂಟ್, ಬಾಲನ್ನು ದೂರಕ್ಕೆ ಒದ್ದು ಬಿಟ್ಟುಕೊಡುವುದೇ ಗತಿ, ಬಾಲ್ ಫ್ಲೋರಿಡಾಕ್ಕೆ. ಆದರೆ ಬಿದ್ದವನ ಕಾಲಿನಿಂದ ಶೂ ಕಳಚಿಕೊಂಡಿತು. ಫ್ಲೋರಿಡಾದ ಮಾರ್ಕೋ ವಿಲ್ಸನ್ ಖುಷಿಯ ಭರದಲ್ಲಿ ಅದನ್ನೆತ್ತಿ ಇಪ್ಪತ್ತು ಯಾರ್ಡ್ ದೂರಕ್ಕೆ ಎಸೆದ. ಎಸೆತವೇನೋ ಸೊಗಸಾಗಿತ್ತು. ಶೂ ಮಂಜಿನೊಳಗೆ ಹೋಯಿತು, ಹಳದಿ ಬಟ್ಟೆ ಹೊರಗೆ ಬಂತು. ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಕಾಂಡಕ್ಟ್, 15 ಯಾರ್ಡ್, ಜೊತೆಗೆ ಫಸ್ಟ್ ಡೌನ್. ಮುಗಿದಿದ್ದ ಆಟ ಮತ್ತೆ ಎದ್ದು ಕೂತಿತು. 23 ಸೆಕೆಂಡ್ ಉಳಿದಿರುವಾಗ ಕೇಡ್ ಯಾರ್ಕ್ ಆ ಮಂಜಿನಲ್ಲಿ ಗೋಲ್‌ಪೋಸ್ಟ್ ಸರಿಯಾಗಿ ಕಾಣದಿದ್ದರೂ 57 ಯಾರ್ಡಿನಿಂದ ಒದ್ದ. ಒಳಗೆ, ಮೂರು ಪಾಯಿಂಟ್. 37–34.

ಐದು ಯಾರ್ಡಲ್ಲ, ಹತ್ತಲ್ಲ, ಒಂದು ಶೂ! ಫ್ಲೋರಿಡಾದವರು ಈಗಲೂ ಕೇಳುತ್ತಾರೆ: ಯಾರಿಗೂ ತಾಗಲಿಲ್ಲ, ಯಾರ ಮೇಲೂ ಎಸೆಯಲಿಲ್ಲ, ಬರಿಯ ಶೂ ತಾನೆ? ಹಾಗಾದರೆ ಎಸೆದದ್ದು ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಎಸೆಯದಿದ್ದರೆ ಆಗುತ್ತಿತ್ತು ಎಂಬುದು ಹೆಂಗಸರ ಕಡೆಯಿಂದ ಬರುವ ಸಲಹೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದೇ ಆಟದಲ್ಲಿ ಫ್ಲೋರಿಡಾ ಎಸೆದ ಒಂದು ಪಾಸನ್ನು ಎಲ್‌ಎಸ್‌ಯು ಹಿಡಿದು ಸೀದಾ ಟಚ್‌ಡೌನಿಗೆ ಓಡಿತ್ತು; ಅದು ಏಳು ಪಾಯಿಂಟ್. ಕೊನೆಯಲ್ಲಿ ಸಮ ಮಾಡಬಹುದಾಗಿದ್ದ 51 ಯಾರ್ಡಿನ ಕಿಕ್ಕೂ ತಪ್ಪಿತು. ಇವನ್ನು ನೆನೆಯುವವರಿಲ್ಲ. ಶೂ ಎಸೆದ ವಿಲ್ಸನ್ ಮುಂದಿನ ವರ್ಷ ಎನ್‌ಎಫ್‌ಎಲ್ ಸೇರಿದ, ಆಡಿದ. ಆದರೂ ಹೆಸರು ಹೇಳಿದರೆ ಜನ ಅವನ ಕೈ ಬಿಟ್ಟು ಆ ಶೂ ಹಿಂದೆಯೇ ಹೋಗುತ್ತಾರೆ. ಪಾಪ, ಅನ್ನಿಸುತ್ತದೆ ನನಗೆ.

ರೆಫರಿಗಳೇನು ಸಾಚಾ ಅಂತಲ್ಲ. 1990ರಲ್ಲಿ ಮಿಸೂರಿ ವಿರುದ್ಧ ಕೊಲರಾಡೋಗೆ ನಾಲ್ಕರ ಬದಲು ಐದು ಡೌನ್ ಕೊಟ್ಟರು; ಐದನೆಯದರಲ್ಲಿ ಟಚ್‌ಡೌನ್, 33–31, ವರ್ಷದ ಕೊನೆಗೆ ಕೊಲರಾಡೋ ಚಾಂಪಿಯನ್ ಪಟ್ಟ ಹಂಚಿಕೊಂಡಿತು. 1940ರಲ್ಲಿ ಕಾರ್ನೆಲ್‌ಗೂ ಹೀಗೇ ಐದನೇ ಡೌನಿನಲ್ಲಿ ಗೆಲುವು ಬಂದಿತ್ತು. ಅವರು ಫಿಲ್ಮ್ ನೋಡಿ, ತಪ್ಪು ಗೊತ್ತಾಗಿ, ಗೆಲುವನ್ನು ಡಾರ್ಟ್‌ಮತ್‌ಗೆ ಬಿಟ್ಟುಕೊಟ್ಟರು. ಈ ಕಥೆಯನ್ನು ರಾಯರ ಮುಂದೆ ಹೇಳಿದರೆ ಅವರಿಗೆ ಕಾರ್ನೆಲ್‌ನವರ ಮೇಲೇ ಸಿಟ್ಟು. 2024ರಲ್ಲಿ ಒಹಾಯೋ ಸ್ಟೇಟ್ ವಿರುದ್ಧ ಕೊನೆಯ ಹತ್ತು ಸೆಕೆಂಡಿನಲ್ಲಿ ಆರೆಗನ್ ಹನ್ನೊಂದರ ಜಾಗದಲ್ಲಿ ಹನ್ನೆರಡು ಜನರನ್ನು ನಿಲ್ಲಿಸಿತು. ದಂಡ ಐದು ಯಾರ್ಡ್. ಆದರೆ ಪ್ಲೇ ನಡೆದ ನಾಲ್ಕು ಸೆಕೆಂಡ್ ಹೋದದ್ದು ಹೋಯಿತು. ಆರೆಗನ್ 32–31ರಲ್ಲಿ ಗೆದ್ದಿತು. ಕೆಲವೇ ದಿನಗಳಲ್ಲಿ, ಇನ್ನು ಮುಂದೆ ಅಂಥ ಹೊತ್ತಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿಕೊಳ್ಳಬಹುದು ಎಂದು ನಿಯಮಕ್ಕೆ ತೇಪೆ ಹಾಕಿದರು. ಒಹಾಯೋದವರಿಗೆ ಅದರಿಂದ ಬಂದ ಭಾಗ್ಯವೇನು? ಅದೇ ತಿಂಗಳು ಟೆಕ್ಸಾಸ್‌ನ ಅಭಿಮಾನಿಗಳು ಜಾರ್ಜಿಯಾ ಪಂದ್ಯದಲ್ಲಿ ಒಂದು ಫ್ಲ್ಯಾಗಿಗೆ (ಅದೇ ಹಳದಿ ಬಟ್ಟೆಗೆ) ಸಿಟ್ಟಾಗಿ ಮೈದಾನಕ್ಕೆ ಬಾಟಲಿ ಎಸೆದರು. ಮೈದಾನ ಗುಡಿಸುವಷ್ಟರಲ್ಲಿ ರೆಫರಿಗಳು ಮಾತಾಡಿಕೊಂಡು ಫ್ಲ್ಯಾಗ್ ಹಿಂದಕ್ಕೆ ಪಡೆದರು. ಕೇಳಿದ್ದು ಸಿಕ್ಕಿತಲ್ಲ, ಗೆದ್ದರಾ? ಇಲ್ಲ, 30–15. ಮೇಲಿಂದ ಆ ಎರಡೂ ತಂಡಗಳಿರುವ ಲೀಗ್ ಎಸ್‌ಇಸಿ ಹಾಕಿದ ಎರಡೂವರೆ ಲಕ್ಷ ಡಾಲರ್ ದಂಡ.

ರಾಯರನ್ನು ಇಷ್ಟು ಬೈದರೂ ಒಂದು ಮಾತು ಒಪ್ಪಬೇಕು. ಅವರು ಆ ಊರಿನಲ್ಲಿ ಇದ್ದದ್ದು ಎಂ.ಎಸ್. ಮಾಡಿದ ಎರಡೇ ವರ್ಷ. ಆಗ ಅಸಿಸ್ಟೆಂಟ್‌ಶಿಪ್ ದುಡ್ಡಿನಲ್ಲಿ ಟಿಕೆಟ್ ಕೊಳ್ಳುವುದಿರಲಿ, ಶನಿವಾರವೂ ಲ್ಯಾಬಿನಲ್ಲಿ ಕೂತು ಹೊರಗಿನ ಕೂಗು ಕೇಳಿಸಿಕೊಂಡದ್ದಷ್ಟೆ. ಆಮೇಲೆ ಕೆಲಸ ಹೋದ ಕಡೆಯೆಲ್ಲ ಮನೆ ಬದಲಾಯಿತು, ರಾಜ್ಯ ಬದಲಾಯಿತು. ಈ ದೇಶದಲ್ಲಿ ‘ನಮ್ಮೂರು’ ಎನ್ನಲು ಅವರಿಗೆ ಉಳಿದಿರುವುದು ಆ ಕಾಲೇಜಿನ ಊರೊಂದೇ. “ನಮ್ಮ ಡಿಫೆನ್ಸ್” ಎನ್ನುವಾಗ ದನಿಯಲ್ಲಿ ತೀರ್ಥಹಳ್ಳಿಯೋ ಗದಗವೋ ಸ್ವಲ್ಪ ಇಣುಕುತ್ತದೆ. ಅಲ್ಲಿ ಆಡುವ ಹುಡುಗರೋ, ನಾಲ್ಕೈದು ವರ್ಷಕ್ಕೆ ಪೂರ್ತಿ ಬೇರೆ.

ಆದರೆ ಫಾಲ್ಸ್ ಸ್ಟಾರ್ಟ್ ವಿಷಯದಲ್ಲಿ ಕ್ಷಮೆಯಿಲ್ಲ. ಬಾಲ್ ಹೊರಡುವ ಮೊದಲೇ ಸಾಲಿನವನೊಬ್ಬ ಅಲ್ಲಾಡಿದರೆ ಐದು ಯಾರ್ಡ್. ಥರ್ಡ್ ಅಂಡ್ ಟೂ ಇದ್ದದ್ದು ಥರ್ಡ್ ಅಂಡ್ ಸೆವೆನ್. ಮುಖ್ಯ ಕಾರಣ ಗದ್ದಲ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೂಗುವುದು ಕೇಳದಿದ್ದಾಗ ಮೌನದ ಲೆಕ್ಕ ಶುರು: ಅವನು ಕಾಲೆತ್ತುತ್ತಾನೆ, ಗಾರ್ಡ್ ಹಿಂತಿರುಗಿ ನೋಡಿ ಪಕ್ಕದಲ್ಲಿ, ಸಾಲಿನ ನಡುವೆ ಇರುವ ಸೆಂಟರ್‌ನ ತೊಡೆ ತಟ್ಟುತ್ತಾನೆ, ಸೆಂಟರ್ ತಲೆಯಾಡಿಸಿ ಎಣಿಸಿ ಬಾಲ್ ಕೊಡುತ್ತಾನೆ. ತುದಿಯಲ್ಲಿರುವ ಟ್ಯಾಕಲ್ ಬಾಲನ್ನು ಓರೆಗಣ್ಣಿನಲ್ಲಿ ನೋಡಿಕೊಂಡೇ ಹೊರಡಬೇಕು. ಅರ್ಧ ಕ್ಷಣ ಮುಂಚೆ ಕದಲಿದರೆ ಫ್ಲ್ಯಾಗ್. ಆದ್ದರಿಂದಲೇ ತವರಿನ ಮೈದಾನದಲ್ಲಿ ಬಾಲ್ ನಮ್ಮ ಕೈಲಿರುವಾಗ ಬಾಯಿ ಮುಚ್ಚಿಕೊಂಡಿರಬೇಕು, ಎದುರಿನವರ ಕೈಲಿರುವಾಗ ಗಂಟಲು ಹರಿಯಬೇಕು. ಅಭಿಮಾನಿಯಾದವನು ಮಾಡಬೇಕಾದ ಕೆಲಸ ಇದೊಂದೇ. ರಾಯರಿಗೆ ಇಷ್ಟು ವರ್ಷಗಳ ಮೇಲೆ ಕೊನೆಗೂ ಟಿಕೆಟ್ ಸಿಕ್ಕಿತು ಅನ್ನಿ. ನಮ್ಮ ಬಾಲ್, ಥರ್ಡ್ ಅಂಡ್ ಟೂ, ಸುತ್ತಲಿನವರೆಲ್ಲ ಶ್ ಶ್ ಎನ್ನುತ್ತಿರುವಾಗ ರಾಯರು ಎದ್ದು ನಿಂತು ಶಕ್ತಿಯಿದ್ದಷ್ಟೂ ಕಿರುಚುತ್ತಾರೆ. ಟ್ಯಾಕಲ್ ಬೆಚ್ಚಿ ಅಲ್ಲಾಡುತ್ತಾನೆ. ಐದು ಯಾರ್ಡ್ ಹಿಂದಕ್ಕೆ. “ಈ ರೆಫರಿಗೆ ಕಣ್ಣು ಕಾಣಲ್ವೇನ್ರೀ?” ಎಂದು ರಾಯರು ಪಕ್ಕದವರನ್ನು ಕೇಳುತ್ತಾರೆ.